ಉಡುಪಿ ಜಿಲ್ಲೆ: ದೇವರ ದರ್ಶನ, ಕಾಡಿನ ದರ್ಶನ ಒಂದೇ ಪ್ರವಾಸದಲ್ಲಿ ಸಾಧ್ಯವೇ?

ಪ್ರಶ್ನೆ: ನಾವು ಮಂಗಳೂರಿನವರು. ಎಪ್ಪತ್ತು ದಾಟಿದ ಅಮ್ಮನಿಗೆ ಕೊಲ್ಲೂರು ಮೂಕಾಂಬಿಕೆಯ ದರ್ಶನವಾಗಬೇಕು. ಮಗಳಿಗೆ ಸಿಂಗಳೀಕವನ್ನು ಕಾಡಿನಲ್ಲೇ ನೋಡುವ ಆಸೆ. ಎರಡು ದಿನಗಳಲ್ಲಿ ಎರಡೂ ಆದೀತೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಖಂಡಿತ ಆಗುತ್ತದೆ. ಕೊಲ್ಲೂರಿನ ಸುತ್ತಲಿನ ಕಾಡೇ ಮೂಕಾಂಬಿಕಾ ವನ್ಯಜೀವಿಧಾಮವಾದ್ದರಿಂದ, ಬೆಳಗಿನ ದರ್ಶನ ಮುಗಿಸಿ ಸೌಪರ್ಣಿಕೆಯ ದಡದಲ್ಲಿ ಸ್ವಲ್ಪ ಹೊತ್ತು ಕುಳಿತರೂ ಮಗಳಿಗೆ ಕಾಡಿನ ಪರಿಚಯವಾಗುತ್ತದೆ. ಕೊಡಚಾದ್ರಿಯ ಜೀಪು ದಾರಿ ಮಾತ್ರ ವಿಪರೀತ ಕುಲುಕುತ್ತದೆ, ಅಮ್ಮನವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಉತ್ತರ 2: ಸಿಂಗಳೀಕಕ್ಕಾದರೆ ಹೆಬ್ರಿಯಿಂದ ಆಗುಂಬೆಗೆ ಹೋಗುವ ದಾರಿಯ ಸೋಮೇಶ್ವರ ವನ್ಯಜೀವಿಧಾಮವೂ ಒಳ್ಳೆಯದು. ಅದು ನೆಲಕ್ಕಿಳಿಯುವುದು ಅಪರೂಪ. ಎತ್ತರದಲ್ಲಿ ಕೊಂಬೆ ಅಲುಗಿ ಹಣ್ಣಿನ ಸಿಪ್ಪೆ ಉದುರಿದಾಗ ತಲೆಯೆತ್ತಿದರೆ, ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ ಕಂಡೀತು. ಘಾಟಿಯ ತಿರುವಿನಲ್ಲಿ ವಾಹನಗಳಿಗೆ ಕಾಯುವವು ಸಾಮಾನ್ಯ ಮಂಗಗಳು. ಯಾವುದಕ್ಕೂ ತಿಂಡಿ ಎಸೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಆಸೆಗೆ ರಸ್ತೆಗಿಳಿದ ಪ್ರಾಣಿ ಚಕ್ರಕ್ಕೆ ಸಿಕ್ಕಿ ಸಾಯುತ್ತದೆ.

ಉತ್ತರ 3: ಮರಳುವಾಗ ಕಾರ್ಕಳದ ಮೇಲೆ ಬನ್ನಿ. 1432ರಲ್ಲಿ ಪ್ರತಿಷ್ಠಾಪನೆಗೊಂಡ 42 ಅಡಿ ಎತ್ತರದ ಬಾಹುಬಲಿಯನ್ನು, ನಾಲ್ಕು ದಿಕ್ಕಿಗೂ ಬಾಗಿಲಿರುವ 1586ರ ಚತುರ್ಮುಖ ಬಸದಿಯ ಜಗಲಿಯಿಂದ ನೋಡಲು ಮರೆಯಬೇಡಿ.