ಗ್ಲೆಂಡಲಾಕ್ ಸಮಾಧಿಗಳ ಮಧ್ಯೆ ಜಿಯೋಕ್ಯಾಶ್ ಹುಡುಕಬಹುದಾ?

ಪ್ರಶ್ನೆ:
ನಾನು ಡಬ್ಲಿನ್‌ನಲ್ಲಿದ್ದೇನೆ. ಭಾನುವಾರ ಮಗಳ ಜೊತೆ ಜಿಯೋಕ್ಯಾಶ್ ಹುಡುಕಲು, ಅಂದರೆ ಫೋನಿನ ಜಿಪಿಎಸ್ ನೋಡಿಕೊಂಡು ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವ ಆಟಕ್ಕೆ, ಗ್ಲೆಂಡಲಾಕ್‌ಗೆ ಹೋಗಿದ್ದೆ. 6ನೇ ಶತಮಾನದಲ್ಲಿ ಸಂತ ಕೆವಿನ್ ಶುರು ಮಾಡಿದ ಮಠದ ಜಾಗ. ಈಗ ಹಾಳುಬಿದ್ದ ಚರ್ಚುಗಳು, ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರ, ಸುತ್ತಲೂ ಸಮಾಧಿಗಳು. ಫೋನಿನ ಬಾಣ ನೇರ ಸಮಾಧಿಗಳ ಕಡೆಗೇ ತೋರಿಸಿತು. ಮಗಳು ಒಂದು ವಾಲಿದ ಕಲ್ಲಿನ ಹಿಂದೆ ಕೈ ಹಾಕಲು ಹೋದಳು. ಅಕ್ಷರಗಳ ತುಂಬ ಬೂದಿ ಬಣ್ಣದ ಕಲ್ಲುಹೂವು ಹಬ್ಬಿತ್ತು. ಅಷ್ಟರಲ್ಲಿ ಒಬ್ಬ ಅಜ್ಜಿ ಹೂ ಹಿಡಿದು ಬಂದರು. ನನಗೆ ತುಂಬಾ ಕಸಿವಿಸಿಯಾಯಿತು, ವಾಪಸ್ ಬಂದುಬಿಟ್ಟೆವು. ನಾವು ಮಾಡಿದ್ದು ತಪ್ಪಾ?

ಉತ್ತರ 1:
ವಾಪಸ್ ಬಂದಿದ್ದು ಸರಿ ಅಕ್ಕಾ. ಕಣಿವೆಯಲ್ಲಿ ಜಿಪಿಎಸ್ ಹತ್ತು ಮೀಟರ್ ಆಚೀಚೆ ಆಗುವುದು ಮಾಮೂಲಿ. ಬಾಣ ನಂಬಿ ಕಲ್ಲು ಅಲ್ಲಾಡಿಸಬೇಡಿ. ಜಾಗದ ಮಾಲೀಕರ ಅನುಮತಿ ಇಲ್ಲದೆ ಡಬ್ಬಿಗಾಗಿ ನೆಲ ಅಗೆಯಬಾರದು ಅಂತ ಆಟದ ನಿಯಮವೇ ಇದೆ. ಹಾಗಾಗಿ ಇಲ್ಲಿ ಅಗೆಯಲು ಹೋಗಬೇಡಿ.

ಉತ್ತರ 2:
ಆಟದ ಪುಟದಲ್ಲಿ ಆ ಜಿಯೋಕ್ಯಾಶ್ ಬಗ್ಗೆ ಕೊಟ್ಟಿರುವ ವಿವರಣೆ ಪೂರ್ತಿ ಓದಿದಿರಾ? ಇಂಥ ಕಡೆ ಡಬ್ಬಿಯೇ ಇಲ್ಲದ ‘ವರ್ಚುವಲ್’, ಇಲ್ಲವೇ ಹಲವು ಹಂತಗಳ ‘ಮಲ್ಟಿ’ ಇರಬಹುದು. ಮಲ್ಟಿ ಆದರೆ ಕಲ್ಲಿನ ಮೇಲಿನ ಇಸವಿ ಓದಿ, ಲೆಕ್ಕ ಹಾಕಿ, ಡಬ್ಬಿಯನ್ನು ಬೇರೆ ಕಡೆ ಹುಡುಕಬೇಕು. ಕಲ್ಲುಹೂವು ಕೆರೆಯಬೇಡಿ. ಕೆರೆದರೆ ಅದರ ಜೊತೆ ಅಕ್ಷರವೂ ಉದುರಬಹುದು.

ಪ್ರಶ್ನೆ ಕೇಳಿದವರು:
ಈಗ ನೋಡಿದೆ, ಮಲ್ಟಿಯೇ! ಇಸವಿ ಮಾತ್ರ ಸಾಕಂತೆ. ಮುಂದಿನ ವಾರ ಬೆಳಿಗ್ಗೆ ಬೇಗ ಹೋಗುತ್ತೇವೆ. ಮಗಳು ಆ ಅಜ್ಜಿಗೆ ಕೊಡಲು ಹೂ ತರುತ್ತಾಳಂತೆ.