ಅಪ್‌ಡೇಟ್: ಹೈಡ್ರೋಕಾರ್ಬನ್ ಹೆಸರಿಸುವ ಪಾಠ, ಕೊನೆಗೆ ಏನಾಯ್ತು

ಮಕ್ಕಳು ಅಡ್ಡಗೆರೆಯಲ್ಲಿ ಬರೆದ ಕಾರ್ಬನ್ ಸಾಲನ್ನೇ ಮುಖ್ಯ ಸರಪಳಿ (ಹೆಸರಿಗೆ ಆಧಾರವಾಗೋ ಅತಿ ಉದ್ದದ ಕಾರ್ಬನ್ ಸಾಲು) ಅಂದುಕೊಂಡು 3-ಮೀಥೈಲ್ ಹೆಕ್ಸೇನನ್ನು 2-ಈಥೈಲ್ ಪೆಂಟೇನ್ ಅಂತ ಬರೀತಾರೆ, ಏನು ಮಾಡೋದು ಅಂತ ಕೇಳಿದ್ದೆ.

ಗೆದ್ದಿದ್ದು ಬಣ್ಣದ ಪೆನ್ಸಿಲ್ ಉಪಾಯ. ಸೂಚಿಸಿದವರಿಗೆ ದೊಡ್ಡ ಥ್ಯಾಂಕ್ಸ್. ಪೆನ್ಸಿಲ್ ಎತ್ತದೆ, ಹೋದ ದಾರಿಯಲ್ಲಿ ವಾಪಸ್ ಬರದೆ, ಅತಿ ಹೆಚ್ಚು ಕಾರ್ಬನ್ ಮುಟ್ಟುವ ದಾರಿ ಎಳೀಬೇಕು. ಬಣ್ಣ ಬೀಳದೆ ಉಳಿದಿದ್ದೇ ಕವಲು. ಆಮೇಲೆ ಎರಡೂ ತುದಿಯಿಂದ ಸಂಖ್ಯೆ ಹಾಕಿ ಹೋಲಿಸೋದು. ದ್ವಿಬಂಧ (ಎರಡು ಕಾರ್ಬನ್ ನಡುವೆ ಜೋಡಿ ಗೆರೆ) ಇದ್ದರೆ ಸಣ್ಣ ಸಂಖ್ಯೆ ಮೊದಲು ಅದಕ್ಕೇ. ಕವಲಿನ ಸರದಿ ಆಮೇಲೆ.

ಜೇಡಿಮಣ್ಣು-ಕಡ್ಡಿ ಮಾದರಿ ಚೆನ್ನಾಗಿತ್ತು, ಆದರೆ ಪಿರಿಯಡ್ ಪೂರ್ತಿ ಕಟ್ಟೋದಕ್ಕೇ ಹೋಯ್ತು. 'ಸಂಖ್ಯೆಗಳ ಮೊತ್ತ ಕಡಿಮೆ ಇರೋ ಕಡೆಯಿಂದ ಎಣಿಸಿ' ಅನ್ನೋ ಸಲಹೆ ಬಿಟ್ಟುಬಿಡಿ, ಅದು ನಿಯಮವೇ ಅಲ್ಲ. 2,7,8-ಟ್ರೈಮೀಥೈಲ್ ಡೆಕೇನ್ ನೋಡಿ: ಮೊತ್ತ 17. ಇನ್ನೊಂದು ತುದಿಯಿಂದ 3,4,9, ಮೊತ್ತ 16. ಆದರೂ ಸರಿಯಾದದ್ದು ಮೊದಲನೆಯದೇ, ಯಾಕಂದ್ರೆ ಎರಡೂ ಸಾಲು ಹೋಲಿಸಿದಾಗ ಮೊದಲು ವ್ಯತ್ಯಾಸ ಬರೋ ಜಾಗದಲ್ಲಿ 2, 3ಕ್ಕಿಂತ ಚಿಕ್ಕದು.

ನಿರೀಕ್ಷೆಯೇ ಇರದ ತೊಡಕು ಕನ್ನಡ ಮಾಧ್ಯಮದವರದ್ದು. ಕವಲುಗಳನ್ನು ಅಕಾರಾದಿಯಾಗಿ ಜೋಡಿಸಿ ಅಂದರೆ ಪ-ಮ ಕ್ರಮ ಹಿಡಿದು ಪ್ರೊಪೈಲನ್ನು ಮೀಥೈಲ್‌ಗಿಂತ ಮುಂದೆ ಹಾಕ್ತಾರೆ! ಐಯುಪಿಎಸಿ (ರಾಸಾಯನಿಕಗಳಿಗೆ ಹೆಸರಿಡೋ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಕ್ರಮ ಇಂಗ್ಲಿಷ್ ಅಕ್ಷರಗಳದ್ದು, m ಆದ ಮೇಲೆ p, ಹಾಗಾಗಿ 2-ಮೀಥೈಲ್-4-ಪ್ರೊಪೈಲ್ ಹೆಪ್ಟೇನ್. ಎರಡು, ಮೂರು ಅಂತ ಹೇಳೋ ಡೈ, ಟ್ರೈ ಈ ಅಕ್ಷರ ಕ್ರಮದಲ್ಲಿ ಲೆಕ್ಕಕ್ಕಿಲ್ಲ.

ಈಗ ಬೇಕಂತಲೇ ತಪ್ಪು ಹೆಸರು ಕೊಟ್ಟು ರಚನೆ ಬರೆಸಿ, ಅದಕ್ಕೆ ಸರಿ ಹೆಸರಿಡಿ ಅಂತೀನಿ. '2-ಈಥೈಲ್ ಬ್ಯೂಟೇನ್' ಕೊಟ್ಟರೆ 3-ಮೀಥೈಲ್ ಪೆಂಟೇನ್ ಅಂತ ತಾವೇ ಹಿಡೀತಾರೆ.