ಹೆರಿಗೆ ರಜೆ ಮುಗೀತಿದೆ, ಮಗೂಗೆ 5 ತಿಂಗಳು. ಶಾಲೆಗೆ ಹೋಗೋ ತಾಯಂದಿರು ಹೇಗೆ ನಿಭಾಯಿಸ್ತೀರಿ?

ಮುಳಬಾಗಿಲು ತಾಲ್ಲೂಕು, ಸರ್ಕಾರಿ ಶಾಲೆ, ನಲಿಕಲಿ ತರಗತಿ. 180 ದಿನ ಮುಂದಿನ ವಾರಕ್ಕೆ ಮುಗಿಯುತ್ತೆ. ಮಗು ಬರೀ ಎದೆಹಾಲು. 8:30ಕ್ಕೆ ಮನೆ ಬಿಟ್ರೆ ವಾಪಸ್ 5:30. ಅತ್ತೆ ನೋಡ್ಕೋತಾರೆ, ಮನೇಲಿ ಬೋರ್‌ವೆಲ್ ನೀರು. ಇದರ ಮೇಲೆ ರಾತ್ರಿ ಹಾಲು ಕೊಡ್ತಾ ಯುದ್ಧದ ಸುದ್ದಿ ನೋಡಿ ನಿದ್ದೆ ಹಾರಿಹೋಗಿದೆ. ಅನುಭವ ಇದ್ದೋರು ಹೇಳಿ.

ಮಾಲೂರು ಮಿಸ್: ಎದೆಹಾಲು ಹಿಂಡಿ ಇಡಿ, ಡಬ್ಬದ ಪುಡಿಹಾಲಿನ ತಂಟೆಗೆ ಹೋಗ್ಬೇಡಿ. ಫ್ರಿಜ್ಜಲ್ಲಿ 4 ದಿನ ಇರುತ್ತೆ. ಹೊರಗೆ 4 ಗಂಟೆ ಅನ್ನೋದು 25 ಡಿಗ್ರಿ ಒಳಗಿನ ಲೆಕ್ಕ, ಏಪ್ರಿಲ್‌ನಲ್ಲಿ ನಮ್ಮ ಸ್ಟಾಫ್ ರೂಮಿಗೆ ಅದು ನಡೆಯಲ್ಲ. ಗಟ್ಟಿಯಾದ ಐಸ್ ಪ್ಯಾಕ್ ಇಟ್ಟ ಬ್ಯಾಗ್ ಬೇಕೇ ಬೇಕು. ಶಾಲೇಲಿ 3 ಗಂಟೆಗೊಮ್ಮೆ ಹಿಂಡದಿದ್ರೆ ಎದೆ ಕಟ್ಟಿ ಜ್ವರ ಬರುತ್ತೆ, ಹಾಲೂ ಇಳಿಯುತ್ತೆ. ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ, ಒಲೆ ಮೇಲೆ ಬೇಡ. ಮಗು ಬಾಯಿಟ್ಟು ಉಳಿಸಿದ್ದನ್ನ 2 ಗಂಟೆ ಆದ್ಮೇಲೆ ಚೆಲ್ಲಿ. ಬಾಟಲಿ ಒಲ್ಲದ ಮಗೂಗೆ ಒಳಲೆ ಸಾಕು. ಈ ವಾರವೇ ಅತ್ತೆ ಕೈಯಲ್ಲಿ ಕುಡಿಸೋಕೆ ಶುರು ಮಾಡಿ.

ಗೌರಿಬಿದನೂರು ಅಮ್ಮ: ಡಬ್ಬದ ಹಾಲು ಕೊಟ್ಟೋರೆಲ್ಲ ತಾಯಂದಿರಲ್ವಾ ಮಿಸ್? ಬೀಗವೇ ಇಲ್ಲದ ಶಾಲೇಲಿ ಎಲ್ಲಿ ಕೂತು ಹಿಂಡ್ತಾರೆ ಅದನ್ನೂ ಹೇಳಿ. ಖರ್ಚಿನ ಲೆಕ್ಕ ತಗೊಳ್ಳಿ: 30 ಮಿಲಿ ನೀರಿಗೆ ಒಂದು ತಲೆಸಮ ಅಳತೆ ಚಮಚ, ಸುಮಾರು 4.3 ಗ್ರಾಮ್. ಶಾಲೆ ಹೊತ್ತಿಗೆ ಮೂರು ಸಲ 150 ಮಿಲಿ ಅಂದ್ರೆ 400 ಗ್ರಾಮಿನ ಡಬ್ಬ 6 ದಿನ ಬರುತ್ತೆ. ಪೂರ್ತಿ ಅದೇ ಆದ್ರೆ 3 ದಿನಕ್ಕೆ ಖಾಲಿ, ಸಂಬಳ ಅಲ್ಲಿಗೇ. ಮೊದಲು ನೀರು, ಆಮೇಲೆ ಪುಡಿ. ಡಬ್ಬ ಬೇಗ ಮುಗಿಯುತ್ತೆ ಅಂತ ಅತ್ತೆಯೋರು ನೀರು ಜಾಸ್ತಿ ಹಾಕಿದ್ರೆ ಮಗು ತೂಕ ಏರಲ್ಲ. ಎಲ್ಲಾ ಮನೇಲೂ ಆಗೋ ಎಡವಟ್ಟು ಇದೇ.

ಬಂಗಾರಪೇಟೆ ಮೇಷ್ಟ್ರು: ನೀರು ಯಾವುದು ಅಂತ ಯಾರೂ ಕೇಳಲಿಲ್ವಲ್ಲ! ಬೋರ್‌ವೆಲ್ ನೀರು ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ರೆ 1.5. ಟಿಡಿಎಸ್ ಮೀಟರ್ ಅದ್ದಿ ನೋಡಿ ಸಮಾಧಾನ ಮಾಡ್ಕೋಬೇಡಿ, ಅದು ಕರಗಿದ ಲವಣಗಳ ಒಟ್ಟು ಲೆಕ್ಕ ಅಷ್ಟೇ, ಫ್ಲೋರೈಡ್ ತೋರಿಸಲ್ಲ. ಪ್ಲಾಸ್ಟಿಕ್ ಬಾಟಲಿಯಲ್ಲಿ (ಗಾಜಿನದು ಬೇಡ) ತುಂಬಿ ಲ್ಯಾಬಿಗೆ ಕೊಡಿ. ಡಬ್ಬದ ಹಾಲಿಗೆ ಆರ್‌ಒ ನೀರನ್ನೇ ಕುದಿಸಿ ಬಳಸಿ.

ಶಿರಾ ಖಾಸಗಿ ಶಾಲೆ: 180 ದಿನ ಸಂಬಳದ ರಜೆ ತಗೊಂಡು ಗೋಳೇನ್ರೀ? ಕಾನೂನಲ್ಲಿ ನಮಗೂ 26 ವಾರ ಇದೆ, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು. ಕೇಳೋಕೆ ಹೋದ್ರೆ ರಾಜೀನಾಮೆ ಬರೆದುಕೊಡಿ ಅಂತಾರೆ.

ಗೌರಿಬಿದನೂರು ಅಮ್ಮ: ಅದನ್ನ ನಿಮ್ಮ ಆಡಳಿತ ಮಂಡಳಿ ಮುಂದೆ ಹೇಳಿ, ಇಲ್ಲಿ ಯಾಕೆ? ಮೇಡಂ, ನಿಮಗೆ ಶಿಶುಪಾಲನಾ ರಜೆಯೂ ಇದೆ, ಇಡೀ ಸೇವೆಗೆ 6 ತಿಂಗಳು. ಆದ್ರೆ ಹಕ್ಕು ಅಂತ ಹೊರಟುಬಿಡೋ ಹಾಗಿಲ್ಲ, ಮೊದಲು ಮಂಜೂರಾಗ್ಬೇಕು. ಅರ್ಜಿಗೆ ಜನನ ಪ್ರಮಾಣಪತ್ರ ಲಗತ್ತಿಸಿ, ಸ್ವೀಕೃತಿ ಸಹಿ ತಗೊಳ್ಳಿ.

ತಿಪಟೂರು ಟೀಚರ್: ಫೋನ್ ಚಾರ್ಜರ್ ಪಕ್ಕದ ರೂಮಿಗೆ ಹಾಕಿ, ಹಾಸಿಗೆ ಹತ್ರ ಜೀರೋ ಬಲ್ಬ್ ಇಡಿ. ಸುದ್ದಿ ಬೆಳಿಗ್ಗೆ ಪೇಪರಲ್ಲಿ ಸಾಕು. ರಾಗಿ ಸರಿ 6 ತಿಂಗಳು ತುಂಬಿದ ಮೇಲೆ. ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ ಬೀಸಿಸಿ, ತೆಳು ಬಟ್ಟೇಲಿ ಜರಡಿ ಹಿಡೀರಿ. ಮಿಷನ್ನಲ್ಲಿ ಮೆಣಸಿನಕಾಯಿ ಹಾಕಿದ ಬೆನ್ನಿಗೇ ಹಾಕಿಸ್ಬೇಡಿ. ಒಂದು ವರ್ಷದವರೆಗೂ ಉಪ್ಪು, ಸಕ್ಕರೆ ಬೇಡ, ಜೇನು ಸೋಕಿಸಲೂ ಬೇಡಿ.

ಕೋಲಾರ ಕೆರೆ: ಮೇಷ್ಟ್ರೇ, ಬರೀ ಫ್ಲೋರೈಡ್ ಜಪ ಮಾಡ್ತೀರಿ. 2018ರಿಂದ ಕೆಸಿ ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿದ ನೀರು, ನಮ್ಮ ಕೆರೆಗೆ ಬರ್ತಿದೆ, ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿದ್ದು. ಅದನ್ನ ಮುಚ್ಚಿಡೋದ್ಯಾಕೆ?

ಬಂಗಾರಪೇಟೆ ಮೇಷ್ಟ್ರು: ಮುಚ್ಚಿಡೋಕೆ ನಾನೇನು ಇಂಜಿನಿಯರಾ? ಆ ನೀರು ಬಂದ್ಮೇಲೆ ಬತ್ತಿದ ಬೋರಲ್ಲಿ ನೀರು ಬಂತು ಅನ್ನೋ ರೈತರನ್ನೂ ಕೇಳಿ. ಕೆರೆ ಪಕ್ಕದ ಬೋರಾದ್ರೆ ನೈಟ್ರೇಟ್, ಬ್ಯಾಕ್ಟೀರಿಯಾ ಎರಡನ್ನೂ ಪರೀಕ್ಷೆ ಮಾಡಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ರೆ ಎಳೆ ಮಗೂಗೆ ಆ ನೀರು ಬೇಡವೇ ಬೇಡ, ಅದೂ ಕುದಿಸಿದ್ರೆ ಹೋಗಲ್ಲ.

ಕೋಲಾರ ಕೆರೆ: ನಾನು ಹೇಳಿದ್ದೂ ಅದನ್ನೇ ತಾನೇ ಸ್ವಾಮಿ!